ಮಾರ್ಜಕಗಳ ವಿಘಟನೋತ್ಪನ್ನಗಳ ಮಾಪನ: ಗದಗ ಸೀಮೆಯ ನೀರನ್ನು ಮುಂದಿಟ್ಟುಕೊಂಡು

ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ದ್ರವ, ಶಾಂಪೂ, ನೂಲಿಗೆ ಬಣ್ಣ ಹಾಕುವಾಗ ಬಳಸುವ ಸಹಾಯಕ ದ್ರಾವಣ, ಬೆಳೆಗೆ ಹೊಡೆಯುವ ಔಷಧ ಇವೆಲ್ಲದರಲ್ಲೂ ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವ ಸರ್ಫ್ಯಾಕ್ಟಂಟ್‌ಗಳಿರುತ್ತವೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಇವುಗಳ ದೊಡ್ಡ ಗುಂಪಿಗೆ ಮಾರ್ಜಕಗಳೆಂಬ ಹೆಸರಿದೆ. ಬಳಕೆಯ ನಂತರ ಇವು ಗಟಾರ, ಹಳ್ಳ, ಕೆರೆ, ಹೊಳೆ ಸೇರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳು ಇವನ್ನು ಹಂತಹಂತವಾಗಿ ಒಡೆಯುತ್ತವೆ. ಹೀಗೆ ಒಡೆಯುವಾಗ ನಡುವೆ ಹುಟ್ಟುವ, ಕೆಲವೊಮ್ಮೆ ಮುಂದೆ ಒಡೆಯದೆ ಉಳಿದುಬಿಡುವ ಸಂಯುಕ್ತಗಳನ್ನು ನೀರಿನಲ್ಲಿ ಮತ್ತು ಹೂಳಿನಲ್ಲಿ ಗುರುತಿಸಿ ಅಳೆಯುವುದು ವಿಶ್ಲೇಷಣಾ ರಸಾಯನಶಾಸ್ತ್ರದ ಒಂದು ಶಾಖೆ. ಮೂಲ ಮಾರ್ಜಕವನ್ನು ಅಳೆಯುವ ಕೆಲಸ ಹಳೆಯದು, ಸುಲಭ, ಅಗ್ಗ. ಒಡೆದುಳಿದದ್ದನ್ನು ಅಳೆಯುವ ಕೆಲಸ ಹೊಸದು, ದುಬಾರಿ. ಹಳೆಯ ಪರೀಕ್ಷೆಗಳಿಗೆ ಒಡೆದುಳಿದದ್ದು ಕಾಣಿಸುವುದೇ ಇಲ್ಲವಾದ್ದರಿಂದ ಈ ಎರಡನೆಯ ಕೆಲಸಕ್ಕೆ ಪ್ರತ್ಯೇಕ ವಿಧಾನಗಳು ಬೇಕಾದವು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಈ ವಿಷಯಕ್ಕೆ ಒಳ್ಳೆಯ ಉದಾಹರಣೆಯಾಗುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಎರೆ ಮತ್ತು ಮಸಾರಿ ಭೂಮಿ, ಬೇಸಿಗೆಯಲ್ಲಿ ಒಣಗುವ ಹಳ್ಳಗಳು, ಸವಳು ಕೊಳವೆಬಾವಿಗಳು, ಕೈಮಗ್ಗದ ಬೆಟಗೇರಿ, ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿಯ ಹೊಲಗಳು, ದಕ್ಷಿಣದ ಗಡಿಯಲ್ಲಿ ತುಂಗಭದ್ರೆ. ಯುರೋಪಿನ ತುಂಬಿದ ಹೊಳೆಗಳಿಗಾಗಿ ಬರೆದ ವಿಧಾನಗಳನ್ನು ಇಲ್ಲಿಗೆ ತಂದಾಗ ಎಲ್ಲಿ ತಿದ್ದಬೇಕು ಎಂಬುದು ಈ ಊರುಗಳ ನೀರನ್ನು ನೋಡಿದರೆ ತಿಳಿಯುತ್ತದೆ.

ನೊರೆಯಿಂದ ಶುರುವಾದ ಶಾಸ್ತ್ರ

ಸಾಬೂನು ಸಹ ಸರ್ಫ್ಯಾಕ್ಟಂಟೇ. ಆದರೆ ಅದು ಕೊಬ್ಬಿನಾಮ್ಲದ ಲವಣ. ಜೀವಿಗಳಿಗೆ ಪರಿಚಿತ ಆಹಾರ. ಸೀಗೆಕಾಯಿ, ಅಂಟುವಾಳಗಳ ಸ್ಯಾಪೊನಿನ್ ಕೂಡ ಹಾಗೆಯೇ ಮಣ್ಣಿನಲ್ಲಿ ಕರಗಿಹೋಗುವಂಥದ್ದು. ಹರಳೆಣ್ಣೆಗೆ ಗಂಧಕಾಮ್ಲ ಬೆರೆಸಿ ತಯಾರಿಸಿದ ಟರ್ಕಿ ರೆಡ್ ಆಯಿಲ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಣ್ಣಗಾರರ ಕೈಸೇರಿತು. ಕೃತಕ ಮಾರ್ಜಕಗಳ ವಂಶಾವಳಿಯಲ್ಲಿ ಅದಕ್ಕೆ ಮೊದಲ ಸ್ಥಾನ.

ತೊಂದರೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಪೆಟ್ರೋಲಿಯಂನಿಂದ ತಯಾರಾದ ಕವಲೊಡೆದ ಸರಪಳಿಯ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್ ಬಟ್ಟೆ ತೊಳೆಯುವ ಪುಡಿಗಳನ್ನು ಆಕ್ರಮಿಸಿಕೊಂಡಿತು. ಕವಲುಗಳಿದ್ದ ಕಡೆ ಬ್ಯಾಕ್ಟೀರಿಯಾದ ಕಿಣ್ವ ಮುಂದೆ ಸಾಗದು. 1950ರ ದಶಕದಲ್ಲಿ ಯುರೋಪ್, ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡೆಗಳೆದ್ದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾಯ್ದೆ ತಂದು, 1964ರಿಂದ ಮಾರ್ಜಕಗಳು ಕನಿಷ್ಠ ಶೇ. 80ರಷ್ಟಾದರೂ ಜೈವಿಕವಾಗಿ ಒಡೆಯಬೇಕೆಂದು ಕಡ್ಡಾಯ ಮಾಡಿತು. ಅಮೆರಿಕದ ತಯಾರಕರು 1965ರ ಹೊತ್ತಿಗೆ ನೇರ ಸರಪಳಿಯ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್‌ಗೆ ಬದಲಾದರು. ಇದನ್ನು ಚಿಕ್ಕದಾಗಿ ಎಲ್‌ಎಎಸ್ ಎನ್ನುತ್ತಾರೆ. ಇಂದು ಭಾರತದ ಬಟ್ಟೆ ಪುಡಿ ಮತ್ತು ಬಾರ್‌ಗಳಲ್ಲಿರುವ ಮುಖ್ಯ ಮಾರ್ಜಕವೂ ಇದೇ.

ನೊರೆ ಇಳಿಯಿತು, ಕಾಯ್ದೆ ಗೆದ್ದಿತು ಎಂದು ಎಲ್ಲರೂ ನಂಬಿದರು. ಆ ಶೇ. 80 ಎಂಬ ಲೆಕ್ಕ ಹಿಡಿದದ್ದು ಮೂಲ ಅಣು ತನ್ನ ಮಾರ್ಜಕ ಗುಣ ಕಳೆದುಕೊಂಡದ್ದನ್ನು ಮಾತ್ರ. ಅಣುವಿನ ಚೂರು ಏನಾಯಿತು ಎಂದು ಅದು ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಬಂದದ್ದು ಸ್ವಿಟ್ಜರ್ಲೆಂಡಿನಿಂದ. ವಾಲ್ಟರ್ ಗಿಗರ್ ಮತ್ತು ಸಂಗಡಿಗರು 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಮ್ಲಜನಕವಿಲ್ಲದ ತೊಟ್ಟಿಗಳಲ್ಲಿ ಕೊಳೆಸಿದ ಕೊಳಚೆಯ ಒಣ ಹೂಳಿನಲ್ಲಿ ಕಿಲೋಗೆ 0.45ರಿಂದ 2.53 ಗ್ರಾಂ ನೊನೈಲ್‌ಫೀನಾಲ್ ಇತ್ತು. ಮೈಕ್ರೋಗ್ರಾಂಗಳಲ್ಲಿ ಅಳೆಯಬೇಕಾದ ವಸ್ತು ಗ್ರಾಂಗಳಲ್ಲಿ ಸಿಕ್ಕಿತ್ತು. ಅದನ್ನು ಯಾರೂ ಚರಂಡಿಗೆ ಸುರಿದಿರಲಿಲ್ಲ. ನೊನೈಲ್‌ಫೀನಾಲ್ ಇಥಾಕ್ಸಿಲೇಟ್ ಎಂಬ ಸಾಮಾನ್ಯ ಮಾರ್ಜಕವೇ ಒಡೆದು ಅದಾಗಿತ್ತು. 1991ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ತಂಡ, ಪ್ರಯೋಗಾಲಯದ ಪ್ಲಾಸ್ಟಿಕ್ ಕೊಳವೆಯಿಂದ ಜಿನುಗಿದ ಇದೇ ವಸ್ತು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಿ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸುವುದನ್ನು ತೋರಿಸಿತು. ಸಹಜ ಹಾರ್ಮೋನಿಗೆ ಹೋಲಿಸಿದರೆ ಇದರ ಬಲ ಸಾವಿರಾರು ಪಟ್ಟು ಕಡಿಮೆ. ಆದರೆ ನೀರಿನಲ್ಲಿ ಇದರ ಪ್ರಮಾಣ ಹೆಚ್ಚು, ಮೀನುಗಳು ಅದರಲ್ಲೇ ಬದುಕುತ್ತವೆ.

ಒಡೆಯುವ ಬಗೆ

ಎಲ್‌ಎಎಸ್ ಒಡೆಯುವುದು ಬಾಲದಿಂದ. ಸರಪಳಿಯ ತುದಿಯ ಇಂಗಾಲ ಮೊದಲು ಆಮ್ಲವಾಗುತ್ತದೆ. ಆಮೇಲೆ ಎರಡೆರಡು ಇಂಗಾಲಗಳಂತೆ ಸರಪಳಿ ಕಿರಿದಾಗುತ್ತ ಸಲ್ಫೊಫಿನೈಲ್ ಕಾರ್ಬಾಕ್ಸಿಲೇಟ್‌ಗಳು ಹುಟ್ಟುತ್ತವೆ. ಕೊನೆಗೆ ಬೆಂಜೀನ್ ಉಂಗುರವೂ ಬಿಚ್ಚಿ ಇಂಗಾಲದ ಡೈಆಕ್ಸೈಡ್, ನೀರು, ಸಲ್ಫೇಟ್ ಉಳಿಯುತ್ತವೆ. ಗಾಳಿಯಾಡುವ ಶುದ್ಧೀಕರಣ ಘಟಕದಲ್ಲಿ ಶೇ. 95ಕ್ಕೂ ಹೆಚ್ಚು ಎಲ್‌ಎಎಸ್ ಹೋಗಿಬಿಡುತ್ತದೆ. ಇಡೀ ಸರಣಿಗೆ ಆಮ್ಲಜನಕ ಬೇಕು. ಆಮ್ಲಜನಕವಿಲ್ಲದ ಕಪ್ಪು ಹೂಳಿನೊಳಗೆ ಸಿಕ್ಕಿಕೊಂಡ ಎಲ್‌ಎಎಸ್ ವರ್ಷಗಟ್ಟಲೆ ಹಾಗೆಯೇ ಕುಳಿತಿರಬಲ್ಲದು.

ನೊನೈಲ್‌ಫೀನಾಲ್ ಇಥಾಕ್ಸಿಲೇಟ್‌ನ ದಾರಿ ಬೇರೆ. ಅದರ ತಲೆಯ ಕಡೆಗೆ ಒಂಬತ್ತು-ಹತ್ತು ಇಥಾಕ್ಸಿ ಘಟಕಗಳ ಸರಪಳಿಯಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಂದೊಂದಾಗಿ ಕತ್ತರಿಸಿ ಎರಡು ಘಟಕ, ಒಂದು ಘಟಕದ ಹಂತಕ್ಕೆ ಬೇಗನೆ ತರುತ್ತವೆ. ಅಲ್ಲಿಂದ ಮುಂದೆ ಕವಲು. ಆಮ್ಲಜನಕವಿದ್ದರೆ ನೊನೈಲ್‌ಫಿನಾಕ್ಸಿ ಅಸಿಟಿಕ್ ಆಮ್ಲದಂಥ ಕಾರ್ಬಾಕ್ಸಿಲೇಟ್‌ಗಳು, ಇಲ್ಲದಿದ್ದರೆ ನೊನೈಲ್‌ಫೀನಾಲ್. ಮೂಲವಸ್ತುವಿಗಿಂತ ಒಡೆದದ್ದೇ ಹೆಚ್ಚು ವಿಷಕಾರಿ, ಹೆಚ್ಚು ಕೊಬ್ಬುಪ್ರಿಯ, ಹೆಚ್ಚು ಹಟಮಾರಿ. ಒಡೆಯುವುದೆಂದರೆ ಶುದ್ಧವಾಗುವುದು ಎಂಬ ನಂಬಿಕೆಯನ್ನು ಈ ಒಂದು ಅಣು ಕೆಡವಿಹಾಕಿತು.

ಗದಗ-ಬೆಟಗೇರಿಯ ಯಾವುದೇ ತೆರೆದ ಗಟಾರದಲ್ಲಿ ಈ ಎರಡೂ ದಾರಿಗಳು ಒಂದೇ ಕಡೆ ಸಿಗುತ್ತವೆ. ಮೇಲೆ ಗಾಳಿ ತಾಗುವ ತೆಳುವಾದ ನೀರು. ಕೆಳಗೆ ಗೇಣುದ್ದ ಕಪ್ಪು ರಾಡಿ. ಹರಿಯುವ ನೀರಿನ ಮಾದರಿಯಲ್ಲಿ ಕಾರ್ಬಾಕ್ಸಿಲೇಟ್‌ಗಳನ್ನೂ, ಬುಡದ ರಾಡಿಯಲ್ಲಿ ನೊನೈಲ್‌ಫೀನಾಲನ್ನೂ ಹುಡುಕಬೇಕು. ಒಂದನ್ನೇ ಅಳೆದವರಿಗೆ ಅರ್ಧ ಉತ್ತರ ಸಿಗುತ್ತದೆ.

ಹಳೆಯ ಪರೀಕ್ಷೆಗಳ ಕುರುಡು ಜಾಗಗಳು

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಆವೃತ್ತಿ, ಋಣ ಆವೇಶದ ಮಾರ್ಜಕಗಳಿಗೆ ಲೀಟರಿಗೆ 0.2 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.0 ಮಿಲಿಗ್ರಾಂವರೆಗೆ ಎಂದು ಹೇಳುತ್ತದೆ. ಅಳೆಯುವ ವಿಧಾನ ಮಿಥಿಲೀನ್ ಬ್ಲೂ. ಈ ನೀಲಿ ಬಣ್ಣದ ಧನ ಅಯಾನು ಮಾರ್ಜಕದ ಋಣ ಅಯಾನಿನೊಂದಿಗೆ ಜೋಡಿಯಾಗಿ ಕ್ಲೋರೊಫಾರ್ಮಿಗೆ ಇಳಿಯುತ್ತದೆ. ಆ ಕ್ಲೋರೊಫಾರ್ಮಿನ ನೀಲಿಯನ್ನು 652 ನ್ಯಾನೊಮೀಟರ್ ತರಂಗದಲ್ಲಿ ಅಳೆದರೆ ಮಾರ್ಜಕದ ಪ್ರಮಾಣ ಸಿಗುತ್ತದೆ. ಒಂದು ಸ್ಪೆಕ್ಟ್ರೊಫೋಟೊಮೀಟರ್, ಬೇರ್ಪಡಿಸುವ ಫನೆಲ್, ಕೈಚಳಕವಿದ್ದ ಒಬ್ಬ ತಂತ್ರಜ್ಞ ಇದ್ದರೆ ಸಾಕು. ಜಿಲ್ಲಾ ಮಟ್ಟದಲ್ಲೂ ಮಾಡಬಹುದಾದ ಕೆಲಸ.

ಸಲ್ಫೊಫಿನೈಲ್ ಕಾರ್ಬಾಕ್ಸಿಲೇಟ್‌ನ ಕಿರುಸರಪಳಿ ಕ್ಲೋರೊಫಾರ್ಮಿಗೆ ಇಳಿಯಲು ಒಪ್ಪುವುದಿಲ್ಲ. ಎರಡು ತುದಿಗಳಲ್ಲೂ ಋಣ ಆವೇಶ ಹೊತ್ತ ಆ ಅಣುವಿಗೆ ನೀರೇ ಇಷ್ಟ. ಹಾಗಾಗಿ ಎಲ್‌ಎಎಸ್ ಒಂದು ಹೆಜ್ಜೆ ಒಡೆದ ಕೂಡಲೇ ನೀಲಿ ಬಣ್ಣ ಮಾಯವಾಗುತ್ತದೆ. ಪರೀಕ್ಷಾ ವರದಿ ‘ಇಲ್ಲ’ ಎನ್ನುತ್ತದೆ. ಇರುವುದು ಬೇರೆ ರೂಪದಲ್ಲಿ ಇದ್ದೇ ಇರುತ್ತದೆ.

ಇದೇ ಪರೀಕ್ಷೆ ಗದಗ ಸೀಮೆಯಲ್ಲಿ ಉಲ್ಟಾ ದಿಕ್ಕಿನಲ್ಲೂ ಮೋಸ ಮಾಡಬಲ್ಲದು. ನೈಟ್ರೇಟ್ ಮತ್ತು ಕ್ಲೋರೈಡ್ ಹೆಚ್ಚಿದ್ದರೆ ಅವೂ ಮಿಥಿಲೀನ್ ಬ್ಲೂ ಜೊತೆ ಅಲ್ಪಸ್ವಲ್ಪ ಜೋಡಿಯಾಗಿ ಕ್ಲೋರೊಫಾರ್ಮಿಗೆ ಇಳಿಯುತ್ತವೆ. ಈ ಭಾಗದ ಅನೇಕ ಕೊಳವೆಬಾವಿಗಳ ಸವಳು ನೀರಿನಲ್ಲಿ ಇವೆರಡೂ ಧಾರಾಳ. ಮುಂಡರಗಿ ಕಡೆಯ ನೀರಿನ ಫ್ಲೋರೈಡ್ ಹೆಸರಾಗಿದೆ. ಅದರ ಜೊತೆಗಿರುವ ನೈಟ್ರೇಟ್ ಅಷ್ಟು ಸುದ್ದಿಯಾಗಿಲ್ಲ. ಕ್ಲೋರೊಫಾರ್ಮ್ ಪದರವನ್ನು ಆಮ್ಲೀಯ ಫಾಸ್ಫೇಟ್ ದ್ರಾವಣದಿಂದ ಮರುತೊಳೆಯುವ ಹಂತ ವಿಧಾನದಲ್ಲಿರುವುದೇ ಈ ಅಡ್ಡಿಯನ್ನು ಕಳೆಯಲಿಕ್ಕೆ. ಅವಸರದಲ್ಲಿ ಅದನ್ನು ಬಿಟ್ಟರೆ, ಸೋಪಿನ ಪುಡಿಯ ಸೋಂಕೇ ಇಲ್ಲದ ಬಾವಿಯಲ್ಲಿ ಮಾರ್ಜಕ ‘ಪತ್ತೆ’ಯಾಗುತ್ತದೆ. ಪ್ರತಿಯಾಗಿ ಬಟ್ಟೆ ಮೆದುಗೊಳಿಸುವ ದ್ರವಗಳಲ್ಲಿರುವ ಧನ ಆವೇಶದ ಮಾರ್ಜಕಗಳು ಸೇರಿದ್ದರೆ ಲೆಕ್ಕ ಕೆಳಗಿಳಿಯುತ್ತದೆ.

ಆವೇಶವಿಲ್ಲದ ಮಾರ್ಜಕಗಳಿಗೆ ಎರಡು ಹಳೆಯ ವಿಧಾನಗಳಿವೆ. ಕೋಬಾಲ್ಟ್ ಥಯೋಸಯನೇಟ್ ಜೊತೆ ನೀಲಿಯಾಗುವುದನ್ನು ಅಳೆಯುವುದು ಒಂದು. ನೀರಿನೊಳಗೆ ಗಾಳಿಗುಳ್ಳೆ ಹಾಯಿಸಿ ಮಾರ್ಜಕವನ್ನು ಈಥೈಲ್ ಅಸಿಟೇಟಿಗೆ ಏರಿಸಿ, ಬಿಸ್ಮತ್ ಮಿಶ್ರಿತ ದ್ರಾಗನ್‌ಡಾರ್ಫ್ ಕಾರಕದಿಂದ ಒತ್ತರಿಸುವ ವಿಕ್‌ಬೋಲ್ಡ್ ವಿಧಾನ ಮತ್ತೊಂದು. ಎರಡಕ್ಕೂ ಉದ್ದನೆಯ ಇಥಾಕ್ಸಿ ಸರಪಳಿ ಬೇಕು. ಒಂದೆರಡು ಘಟಕ ಮಾತ್ರ ಉಳಿದ ನೊನೈಲ್‌ಫೀನಾಲ್ ಇಥಾಕ್ಸಿಲೇಟ್‌ಗೂ ಬರಿ ನೊನೈಲ್‌ಫೀನಾಲ್‌ಗೂ ಇವು ಕುರುಡು.

ಹಾಗಾದರೆ ನೊನೈಲ್‌ಫೀನಾಲ್ ಫೀನಾಲೇ ಅಲ್ಲವೆ, ಫೀನಾಲ್ ಪರೀಕ್ಷೆಯಲ್ಲಿ ಸಿಗಬೇಕಲ್ಲ? ಐಎಸ್ 10500 ಫೀನಾಲ್ ಗುಂಪಿಗೆ ಲೀಟರಿಗೆ 0.001 ಮಿಲಿಗ್ರಾಂ ಎಂಬ ಬಿಗಿ ಮಿತಿ ಹಾಕಿದೆ. ಆದರೆ ಎಲ್ಲೆಡೆ ಬಳಕೆಯಲ್ಲಿರುವ 4-ಅಮಿನೊ ಆ್ಯಂಟಿಪೈರಿನ್ ಕಾರಕ ಫೀನಾಲ್ ಉಂಗುರದ ಪ್ಯಾರಾ ಜಾಗದಲ್ಲಿ ಹೋಗಿ ಕೂರಬೇಕು. ನೊನೈಲ್ ಸರಪಳಿ ಅದೇ ಜಾಗವನ್ನು ಹಿಡಿದು ಕುಳಿತಿದೆ. ಬಣ್ಣ ಬರುವುದಿಲ್ಲ. ಹೀಗೆ ಮಾರ್ಜಕದ ಪರೀಕ್ಷೆಯೂ ಫೀನಾಲಿನ ಪರೀಕ್ಷೆಯೂ ಒಂದೇ ವಸ್ತುವನ್ನು ಬಿಟ್ಟುಬಿಡುತ್ತವೆ. ಜಲಜೀವನ ಮಿಷನ್ ಹಳ್ಳಿಗಳಿಗೆ ಕೊಟ್ಟ ಕಿಟ್‌ಗಳಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಕ್ಲೋರೈಡ್, ಕ್ಲೋರಿನ್‌ಗಳಂಥ ಪರೀಕ್ಷೆಗಳಿವೆ. ಮೂಲ ಅಗತ್ಯಕ್ಕೆ ಅದು ಸರಿ, ಆದರೆ ಈ ಅಣುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಯಂತ್ರಗಳ ಕಾಲ

ಬಿಡಿಬಿಡಿಯಾಗಿ ಅಣುವನ್ನು ಗುರುತಿಸಲು ಕ್ರೊಮಟೊಗ್ರಫಿ ಬೇಕಾಯಿತು. ಎಲ್‌ಎಎಸ್, ಸಲ್ಫೊಫಿನೈಲ್ ಕಾರ್ಬಾಕ್ಸಿಲೇಟ್, ನೊನೈಲ್‌ಫೀನಾಲ್ ಬಳಗ ಎಲ್ಲದರಲ್ಲೂ ಬೆಂಜೀನ್ ಉಂಗುರವಿದೆ. 225-230 ನ್ಯಾನೊಮೀಟರ್ ಬೆಳಕು ಬಿದ್ದರೆ ಸುಮಾರು 290-300ರಲ್ಲಿ ಮಿನುಗುತ್ತವೆ. ದ್ರವ ಕ್ರೊಮಟೊಗ್ರಫಿ ಯಂತ್ರಕ್ಕೆ ಫ್ಲೋರಸೆನ್ಸ್ ಪತ್ತೆಗಾರ ಜೋಡಿಸಿದರೆ ಹಿತಮಿತ ಖರ್ಚಿನಲ್ಲಿ ಒಳ್ಳೆಯ ಕೆಲಸವಾಗುತ್ತದೆ. ಕಾಲೇಜು ಪ್ರಯೋಗಾಲಯಗಳಿಗೆ ಇದೇ ಸೂಕ್ತ ಎಂಬುದು ಈ ಲೇಖಕನ ಅಭಿಪ್ರಾಯ.

ನೊನೈಲ್‌ಫೀನಾಲ್‌ಗೆ ಬಹುಕಾಲ ಮುಖ್ಯ ಸಾಧನವಾಗಿದ್ದುದು ಅನಿಲ ಕ್ರೊಮಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿ. ಮಾರುಕಟ್ಟೆಯ ನೊನೈಲ್‌ಫೀನಾಲ್ ಒಂದೇ ಅಣುವಲ್ಲ. ಒಂಬತ್ತು ಇಂಗಾಲದ ಸರಪಳಿ ಬೇರೆಬೇರೆ ರೀತಿ ಕವಲೊಡೆದ ಹತ್ತಾರು ಸೋದರ ಅಣುಗಳ ಗುಂಪು. ಹೀಗಾಗಿ ಯಂತ್ರದ ಹಾಳೆಯ ಮೇಲೆ ಒಂದು ಶಿಖರದ ಬದಲು ಒತ್ತೊತ್ತಾಗಿ ನಿಂತ ಶಿಖರಗಳ ಸಾಲು ಬರುತ್ತದೆ. ತೂಕದ 107, 121, 135, 149ರ ಚೂರುಗಳನ್ನು ಹಿಡಿದು ಇಡೀ ಸಾಲಿನ ಮೊತ್ತ ತೆಗೆಯಬೇಕು. ನೇರ ಸರಪಳಿಯ 4-ಎನ್-ನೊನೈಲ್‌ಫೀನಾಲ್ ಎಂಬ ಶುದ್ಧ ವಸ್ತು ಪರಿಸರದಲ್ಲಿ ಇರುವುದೇ ಇಲ್ಲ. ಅದನ್ನು ಮಾನದಂಡವಾಗಿಟ್ಟು ಅಳೆದು ‘ಪತ್ತೆಯಾಗಿಲ್ಲ’ ಎಂದು ಬರೆದ ವರದಿಗಳು ಲೋಕದಲ್ಲಿ ಸಾಕಷ್ಟಿವೆ. ಆ ಅಣು ಉಪಯೋಗಕ್ಕೆ ಬರುವುದು ಒಳಮಾನದಂಡವಾಗಿ ಮಾತ್ರ. ಅದರ ಇಂಗಾಲ-13 ಗುರುತಿನ ರೂಪ ಇನ್ನೂ ಒಳ್ಳೆಯದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 18857ರ ಎರಡು ಭಾಗಗಳು ಈ ಕೆಲಸಕ್ಕೆಂದೇ ಬಂದವು: 2005ರ ಮೊದಲ ಭಾಗದಲ್ಲಿ ದ್ರಾವಕದಿಂದ ಸೆಳೆಯುವ ವಿಧಾನ, 2009ರ ಎರಡನೆಯದರಲ್ಲಿ ಘನಪದರದ ಮೇಲೆ ಹಿಡಿದು ರಾಸಾಯನಿಕವಾಗಿ ಮಾರ್ಪಡಿಸಿ ಅಳೆಯುವ ವಿಧಾನ.

ಇಂದು ಮೇಲುಗೈ ದ್ರವ ಕ್ರೊಮಟೊಗ್ರಫಿ ಮತ್ತು ಜೋಡಿ ಮಾಸ್ ಸ್ಪೆಕ್ಟ್ರೋಮೀಟರಿನದು. ಋಣ ವಿಧಾನದಲ್ಲಿ ಎಲ್‌ಎಎಸ್‌ನ 10, 11, 12, 13 ಇಂಗಾಲದ ಸೋದರರು ಕ್ರಮವಾಗಿ 297, 311, 325, 339 ಎಂಬ ತೂಕದಲ್ಲಿ ಕಾಣಿಸಿಕೊಂಡು, ಒಡೆದಾಗ ಎಲ್ಲರೂ 183ರ ಒಂದೇ ಚೂರು ಕೊಡುತ್ತಾರೆ. ಕವಲೊಡೆದ ನೊನೈಲ್‌ಫೀನಾಲ್ 219ರಿಂದ 133ಕ್ಕೆ, ಅದರ ಅಸಿಟಿಕ್ ಆಮ್ಲ 277ರಿಂದ 219ಕ್ಕೆ ಇಳಿಯುತ್ತದೆ. ಮೂಲ ವಸ್ತು ಮತ್ತು ಮರಿಗಳನ್ನು ಒಂದೇ ಓಟದಲ್ಲಿ ನೋಡುವ ಅನುಕೂಲ ಇಲ್ಲಿದೆ. ಆದರೆ ಕೊಳಚೆ ನೀರಿನ ಇತರ ಸಾವಯವ ವಸ್ತುಗಳು ಅಯಾನೀಕರಣವನ್ನು ಕುಗ್ಗಿಸುತ್ತವೆ. ಸವಳು ನೀರಿನ ಲವಣವೂ ಹಾಗೆಯೇ. ಐಸೊಟೋಪ್ ಗುರುತಿನ ಮಾನದಂಡ ಬೆರೆಸದೆ ತೆಗೆದ ಅಂಕಿ ನಂಬಲರ್ಹವಲ್ಲ. ಸಲ್ಫೊಫಿನೈಲ್ ಕಾರ್ಬಾಕ್ಸಿಲೇಟ್‌ಗಳ ಶುದ್ಧ ಮಾನದಂಡಗಳು ಪೇಟೆಯಲ್ಲಿ ಸುಲಭವಾಗಿ ಸಿಗುವುದಿಲ್ಲ ಎಂಬುದು ಹಳೆಯ ತಾಪತ್ರಯ. ಸಂಶೋಧಕರು ತಾವೇ ತಯಾರಿಸಿಕೊಂಡದ್ದುಂಟು.

ಉತ್ತರ ಕರ್ನಾಟಕದಲ್ಲಿ ಇಂಥ ಯಂತ್ರಗಳೇ ಇಲ್ಲವೆಂದಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉನ್ನತ ಉಪಕರಣಗಳ ಕೇಂದ್ರವಿದೆ. ಕೀಟನಾಶಕದ ಉಳಿಕೆ ನೋಡುವ ಯಂತ್ರವೇ ನೊನೈಲ್‌ಫೀನಾಲನ್ನೂ ನೋಡಬಲ್ಲದು. ಬೇಕಾದದ್ದು ಮಾನದಂಡ, ವಿಧಾನ ಮತ್ತು ಕೇಳುವವರು. ಗದಗದಲ್ಲೇ 2016ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಮಾದರಿ ತೆಗೆಯುವ, ಸೆಳೆದಿಡುವ ಕೆಲಸಕ್ಕೆ ಅದು ತಕ್ಕ ಜಾಗ.

ಮಾದರಿ ತೆಗೆಯುವುದು

ಈ ಶಾಖೆಯಲ್ಲಿ ತಪ್ಪುಗಳು ಯಂತ್ರದ ಕೋಣೆಗಿಂತ ಹೆಚ್ಚಾಗಿ ಹಳ್ಳದ ದಂಡೆಯಲ್ಲಿ ಆಗುತ್ತವೆ. ಸರ್ಫ್ಯಾಕ್ಟಂಟ್‌ನ ಸ್ವಭಾವವೇ ಗಾಳಿ-ನೀರಿನ ಗಡಿಯಲ್ಲಿ, ನೀರು-ಗಾಜಿನ ಗಡಿಯಲ್ಲಿ ಸೇರಿಕೊಳ್ಳುವುದು. ನೊರೆಯೊಳಗೆ ಅದರ ಸಾಂದ್ರತೆ ಕೆಳಗಿನ ನೀರಿಗಿಂತ ಹಲವು ಪಟ್ಟು. ಬಾಟಲಿಗೆ ಒಂದು ಚಮಚ ನೊರೆ ಹೋದರೂ ಲೆಕ್ಕ ಕೆಟ್ಟಿತು. ಆದ್ದರಿಂದ ಬಾಯಿ ಕೆಳಗೆ ಮಾಡಿ ಮುಳುಗಿಸಿ, ಅಂಗೈಯಷ್ಟು ಆಳದಲ್ಲಿ ತಿರುಗಿಸಿ, ಕುತ್ತಿಗೆಯವರೆಗೆ ತುಂಬಿ, ಕುಲುಕದೆ ಮುಚ್ಚಬೇಕು.

ಬಾಟಲಿ ಕಂದು ಗಾಜಿನದಿರಬೇಕು, ಪ್ಲಾಸ್ಟಿಕ್ ಕೂಡದು. ಕೆಲವು ಪ್ಲಾಸ್ಟಿಕ್‌ಗಳಿಗೆ ಸೇರಿಸುವ ರಕ್ಷಕ ವಸ್ತುವೇ ಒಡೆದು ನೊನೈಲ್‌ಫೀನಾಲ್ ಬಿಡುತ್ತದೆ. ಅನಾ ಸೋಟೊ ತಂಡದವರಿಗೆ ಅದು ಸಿಕ್ಕಿದ್ದೇ ಹೀಗೆ. ಬಾಟಲಿಯನ್ನು ಡಿಟರ್ಜೆಂಟಿನಿಂದ ತೊಳೆಯಬಾರದು ಎಂದು ಬೇರೆ ಹೇಳಬೇಕೆ? ಹೇಳಲೇಬೇಕು, ಯಾಕೆಂದರೆ ಗಾಜಿನ ಸಾಮಾನು ಡಿಟರ್ಜೆಂಟಿನಿಂದ ತೊಳೆಯುವುದು ಪ್ರತಿ ಪ್ರಯೋಗಾಲಯದ ದಿನಚರಿ. ಮಿಥನಾಲ್‌ನಿಂದ ತೊಳೆದು, ಸಾಧ್ಯವಾದರೆ 450 ಡಿಗ್ರಿಯಲ್ಲಿ ಸುಟ್ಟ ಬಾಟಲಿ ಉತ್ತಮ. ಶುದ್ಧ ನೀರು ತುಂಬಿದ ಖಾಲಿ ಮಾದರಿಯೊಂದು ಪ್ರಯೋಗಾಲಯದಿಂದ ಹಳ್ಳಕ್ಕೆ ಹೋಗಿ ಬರಬೇಕು. ಅದರಲ್ಲೂ ನೊನೈಲ್‌ಫೀನಾಲ್ ಕಂಡರೆ ಆ ದಿನದ ಅಂಕಿಗಳನ್ನು ಕೈಬಿಡುವುದೇ ಮೇಲು.

ಬೇಸಿಗೆಯಲ್ಲಿ ನೀರಿನ ಉಷ್ಣತೆ 30 ದಾಟುವ ಕಡೆ ಬಾಟಲಿಯೊಳಗೂ ಜೀವಿಗಳು ದುಡಿಯುತ್ತಲೇ ಇರುತ್ತವೆ. ಬೆಳಗ್ಗೆ ಲಕ್ಷ್ಮೇಶ್ವರದಲ್ಲಿ ತುಂಬಿದ ಎಲ್‌ಎಎಸ್ ಸಂಜೆಗೆ ಧಾರವಾಡ ಮುಟ್ಟುವಾಗ ಸಲ್ಫೊಫಿನೈಲ್ ಕಾರ್ಬಾಕ್ಸಿಲೇಟ್ ಆಗಿರಬಹುದು. ಆಗ ಅಳೆದದ್ದು ಹಳ್ಳವನ್ನಲ್ಲ, ಬಸ್ಸಿನ ಪ್ರಯಾಣವನ್ನು. ಮಿಥಿಲೀನ್ ಬ್ಲೂ ಪರೀಕ್ಷೆಗೆ 4 ಡಿಗ್ರಿಯಲ್ಲಿಟ್ಟು 48 ಗಂಟೆಯೊಳಗೆ ಎಂಬ ನಿಯಮವಿದೆ. ವಿಘಟನೋತ್ಪನ್ನಗಳಿಗೆ ಫಾರ್ಮಲಿನ್ ಹಾಕಿ ಜೀವಿಗಳನ್ನು ಕೊಲ್ಲುವುದು ಅಥವಾ ಆಮ್ಲ ಹಾಕಿ ಪಿಎಚ್ ಎರಡಕ್ಕೆ ಇಳಿಸುವುದು ವಾಡಿಕೆ. ಈ ಸೀಮೆಗೆ ಇನ್ನೂ ಒಳ್ಳೆಯ ದಾರಿ, ಅರ್ಧ ಲೀಟರಿನಿಂದ ಒಂದು ಲೀಟರ್ ನೀರನ್ನು ಅಂದೇ, ಹತ್ತಿರದ ಕಾಲೇಜಿನಲ್ಲೇ, ಬೆರಳುದ್ದದ ಘನಪದರ ಕೊಳವೆಯ ಮೂಲಕ ಸೋಸಿ, ಕೊಳವೆಯನ್ನು ಒಣಗಿಸಿ ತಣ್ಣಗೆ ಕಳಿಸುವುದು. ಹತ್ತು ಲೀಟರ್ ನೀರು ಹೊರುವ ಬದಲು ಹತ್ತು ಕೊಳವೆ ಹೊರಬಹುದು.

ಗಡಸು ನೀರು ಇನ್ನೊಂದು ತೊಡಕು ತರುತ್ತದೆ. ಸವಳು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲವೆಂದು ಮನೆಯವರು ಪುಡಿ ಹೆಚ್ಚು ಸುರಿಯುತ್ತಾರೆ. ಎಲ್‌ಎಎಸ್ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಲವಣವಾಗಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಎರೆಮಣ್ಣಿನ ಜೇಡಿ ಅದನ್ನು ಬಾಚಿಕೊಳ್ಳುತ್ತದೆ. ನೀರನ್ನು ಸೋಸಿ, ಸೋಸಿದ ಕೆಸರನ್ನು ಎಸೆದುಬಿಟ್ಟರೆ ಮಾಲಿನ್ಯದ ದೊಡ್ಡ ಪಾಲನ್ನೇ ಎಸೆದಂತೆ. ಸೋಸುಕಾಗದದ ಮೇಲಿನದ್ದನ್ನೂ ಮಿಥನಾಲ್‌ನಿಂದ ಸೆಳೆದು ಬೇರೆಯಾಗಿ ಅಳೆಯಬೇಕು.

ಎಲ್ಲಿ ಹುಡುಕುವುದು

ಬೆಟಗೇರಿಯ ಮಗ್ಗದ ಸೀರೆಗೆ ನೂಲು ಸಿದ್ಧವಾಗುವಾಗ ಎಣ್ಣೆ-ಜಿಡ್ಡು ತೆಗೆಯುವುದಕ್ಕೂ ಬಣ್ಣ ಸಮನಾಗಿ ಹಿಡಿಯುವುದಕ್ಕೂ ಸರ್ಫ್ಯಾಕ್ಟಂಟ್ ಬೇಕು. ಜವಳಿ ಲೋಕದಲ್ಲಿ ನೊನೈಲ್‌ಫೀನಾಲ್ ಇಥಾಕ್ಸಿಲೇಟ್‌ಗೆ ದೀರ್ಘ ಇತಿಹಾಸವಿದೆ. ಯುರೋಪಿನ ಒಕ್ಕೂಟ 2003ರ ನಿರ್ದೇಶನದ ಮೂಲಕ 2005ರಿಂದ ತೊಳೆಯುವ ವಸ್ತುಗಳಲ್ಲೂ ಜವಳಿ ಸಂಸ್ಕರಣೆಯಲ್ಲೂ ಅದನ್ನು ಶೇ. 0.1ಕ್ಕಿಂತ ಹೆಚ್ಚು ಇರದಂತೆ ತಡೆಯಿತು. 2021ರ ಫೆಬ್ರುವರಿಯಿಂದ ಆಮದಾಗುವ, ತೊಳೆಯಬಹುದಾದ ಬಟ್ಟೆಯಲ್ಲೂ ತೂಕದ ಶೇ. 0.01 ಮೀರಬಾರದು. ಬಟ್ಟೆಯ ಜೊತೆ ಬಂದ ರಾಸಾಯನಿಕ ಮೊದಲ ಒಗೆತದಲ್ಲಿ ತಮ್ಮ ಹೊಳೆ ಸೇರಬಾರದೆಂಬುದು ಅವರ ಲೆಕ್ಕ. ನೇಯ್ದ ಊರಿನ ಹಳ್ಳದ ಲೆಕ್ಕ ಆ ಕಾಯ್ದೆಯಲ್ಲಿಲ್ಲ.

ಹೊಲಗಳ ಕಡೆಯದು ಕಡಿಮೆ ಚರ್ಚೆಯಾದ ಮೂಲ. ಉಳ್ಳಾಗಡ್ಡಿಯ ಎಲೆ ಮೇಣದಂತೆ ನುಣುಪು. ಬರಿ ಔಷಧ ಹೊಡೆದರೆ ಹನಿ ಜಾರಿ ಬೀಳುತ್ತದೆ. ಅದಕ್ಕೇ ರೈತರು ಸ್ಟಿಕ್ಕರ್ ಎಂದು ಕರೆಯುವ ಅಂಟು ದ್ರಾವಣವನ್ನು ಪಂಪಿಗೆ ಬೆರೆಸುತ್ತಾರೆ. ಕೆಲವರು ಶಾಂಪೂ ಪೊಟ್ಟಣವನ್ನೇ ಒಡೆದು ಹಾಕುವುದುಂಟು. ಕೀಟನಾಶಕಕ್ಕೆ ಉಳಿಕೆ ಮಿತಿಯಿದೆ, ಅದನ್ನು ಎಲೆಗೆ ಅಂಟಿಸಿದ ವಸ್ತುವಿಗೆ ಇಲ್ಲ. ಗದಗದಿಂದ 26 ಕಿ.ಮೀ. ದೂರದ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯ ಸುತ್ತ ಇರುವುದು ಹೊಲಗಳೇ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು ಹಗಲು ಈ ಕೆರೆಯಲ್ಲಿ ತಂಗುತ್ತವೆ. 2024ರಲ್ಲಿ ಇದು ರಾಮ್‌ಸಾರ್ ಪಟ್ಟಿಗೆ ಸೇರಿತು. ಇಲ್ಲಿ ಎಲ್‌ಎಎಸ್‌ಗಿಂತ ಮೊದಲು ಇಥಾಕ್ಸಿಲೇಟ್‌ಗಳ ಜಾಡು ಹಿಡಿಯಬೇಕು, ಅದೂ ಮುಂಗಾರಿನ ಮೊದಲ ಹರಿವಿನಲ್ಲಿ.

ತುಂಗಭದ್ರೆಯದು ಬೇರೆ ಲೆಕ್ಕ. ಶಿವಮೊಗ್ಗ, ಭದ್ರಾವತಿ, ಹರಿಹರಗಳನ್ನು ದಾಟಿ ಬಂದ ನೀರು ಶಿರಹಟ್ಟಿ, ಮುಂಡರಗಿ ತಾಲೂಕುಗಳ ಅಂಚಿನಲ್ಲಿ ಹರಿದು, ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಲ್ಲುತ್ತದೆ. ಗದಗ-ಬೆಟಗೇರಿಯ ನಲ್ಲಿಗಳಿಗೂ ಬರುವುದು ಇದೇ ಹೊಳೆಯ ನೀರು. ಹರಿಹರದ ಕೆಳಗಿನ ಹೊಳೆಯ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟದಿಂದ ಈ ಭಾಗದ ಜನರಿಗೆ ಹೊಳೆಯ ನೀರನ್ನು ಅನುಮಾನಿಸಿ ನೋಡುವ ಅಭ್ಯಾಸ ಬಂದಿದೆ. ನಿಂತ ನೀರಿನಲ್ಲಿ ಕಣಗಳು ತಳ ಸೇರುತ್ತವೆ, ಅವುಗಳೊಂದಿಗೆ ಕೊಬ್ಬುಪ್ರಿಯ ನೊನೈಲ್‌ಫೀನಾಲೂ ಸೇರುತ್ತದೆ. ಮೀನು ಹಿಡಿಯುವವರ ಬಲೆಗೆ ಬೀಳುವ, ತಳದಲ್ಲಿ ಮೇಯುವ ಜಾತಿಗಳನ್ನು ಪರೀಕ್ಷೆಗೆ ಆರಿಸುವುದು ಅದಕ್ಕೇ.

ಕರ್ನಾಟಕದಲ್ಲಿ ಈ ವಿಷಯ ಜನರ ಕಣ್ಣಿಗೆ ಬಿದ್ದದ್ದು ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ. 2015ರ ಮೇ ತಿಂಗಳಲ್ಲಿ ಅದರ ನೊರೆ ರಸ್ತೆಗೆ ಹಾರಿತು, ನೊರೆಗೆ ಬೆಂಕಿಯೂ ಹೊತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎನ್. ಚಾಣಕ್ಯ, ರೇಷ್ಮಿ ದಾಸ್ ಮತ್ತಿತರರ ಅಧ್ಯಯನದ ತಿರುಳು ಹೀಗಿದೆ: ಸಂಸ್ಕರಿಸದ ಕೊಳಚೆಯೊಂದಿಗೆ ಬಂದ ಮಾರ್ಜಕದ ಒಂದಂಶ ಕೆರೆಯಲ್ಲಿ ಒಡೆಯುತ್ತದೆ, ಉಳಿದದ್ದು ಕಣಗಳಿಗೆ ಅಂಟಿ ಹೂಳಾಗುತ್ತದೆ, ಜೋರು ಮಳೆ ಹೂಳನ್ನು ಕದಡಿದಾಗ ಹಳೆಯ ಮಾರ್ಜಕ ಮತ್ತೆ ನೀರಿಗೆ ಬಿದ್ದು ಕೋಡಿಯಲ್ಲಿ ನೊರೆಯೇಳುತ್ತದೆ. ವರ್ಷಗಳ ಹಿಂದೆ ಒಗೆದ ಬಟ್ಟೆಯ ಪುಡಿಯ ಪಾಲೂ ಆ ನೊರೆಯಲ್ಲಿ ಇರಬಹುದು.

ಹೂಳಿನಿಂದ ಇನ್ನೂ ಒಂದು ಮಾಹಿತಿ ಸಿಗುತ್ತದೆ. ಎಲ್‌ಎಎಸ್ ತಯಾರಿಕೆಯಲ್ಲಿ ಸಲ್ಫೊನೇಟ್ ಆಗದೆ ಉಳಿದ ಆಲ್ಕೈಲ್ ಬೆಂಜೀನ್ ಅಲ್ಪ ಪ್ರಮಾಣದಲ್ಲಿ ಪ್ರತಿ ಪೊಟ್ಟಣದಲ್ಲೂ ಇರುತ್ತದೆ. ಬೆಂಜೀನ್ ಉಂಗುರ ಸರಪಳಿಯ ತುದಿಗೆ ಹತ್ತಿರ ಅಂಟಿದ ಅಣುಗಳು ಬೇಗ ಒಡೆಯುತ್ತವೆ, ನಡುವೆ ಅಂಟಿದವು ನಿಧಾನ. ಜಪಾನಿನ ಹಿದೆಶಿಗೆ ತಕಾದ ಮತ್ತು ರ‍್ಯೋಶಿ ಇಶಿವತಾರಿ ಟೋಕಿಯೋದ ನದಿಗಳಲ್ಲಿ ಈ ಗುಂಪಿನ ವಸ್ತುಗಳ ಜಾಡು ಹಿಡಿದು, ಒಳ-ಹೊರ ಅಣುಗಳ ಅನುಪಾತವನ್ನು ವಿಘಟನೆಯ ಅಳತೆಗೋಲಾಗಿಸಿದರು. ಕಚ್ಚಾ ಕೊಳಚೆಯಲ್ಲಿ ಈ ಅನುಪಾತ ಒಂದಕ್ಕಿಂತ ತುಸು ಕಡಿಮೆ. ಗಾಳಿಯಾಡಿಸಿ ಶುದ್ಧೀಕರಿಸಿದ ನೀರಿನಲ್ಲಿ ಹಲವು ಪಟ್ಟು ಹೆಚ್ಚು. ಊರಿನ ಕೊಳಚೆ ಘಟಕದ ಮೂಲಕ ಬಂತೋ, ಪಕ್ಕದ ಕಾಲುವೆಯಿಂದ ನೇರ ನುಗ್ಗಿತೋ ಎಂಬುದನ್ನು ಕೆರೆಯ ಕೆಸರು ಹೇಳುತ್ತದೆ. ದಾಖಲೆ ಪುಸ್ತಕದಲ್ಲಿ ಘಟಕ ನಡೆಯುತ್ತಿದೆಯೇ ಇಲ್ಲವೇ ಎಂದು ಹುಡುಕುವ ಬದಲು ಕೆಸರನ್ನು ಕೇಳಬಹುದು.

ಅಂಕಿಗೆ ಅರ್ಥ

ಯುರೋಪಿನಲ್ಲಿ ಮೇಲ್ಮೈ ನೀರಿಗೆ ನೊನೈಲ್‌ಫೀನಾಲ್‌ನ ವಾರ್ಷಿಕ ಸರಾಸರಿ ಮಿತಿ ಲೀಟರಿಗೆ 0.3 ಮೈಕ್ರೋಗ್ರಾಂ, ಯಾವ ಹೊತ್ತಿಗೂ 2 ಮೀರಬಾರದು. ಅಮೆರಿಕದ ಪರಿಸರ ಸಂಸ್ಥೆ 2005ರಲ್ಲಿ ಸಿಹಿನೀರಿನ ಜೀವಿಗಳಿಗೆ ದೀರ್ಘಾವಧಿಯ ಮಿತಿ 6.6, ಅಲ್ಪಾವಧಿಯ ಮಿತಿ 28 ಮೈಕ್ರೋಗ್ರಾಂ ಎಂದಿತು. ಎರಡು ಖಂಡಗಳ ನಡುವೆ ಇಪ್ಪತ್ತು ಪಟ್ಟು ಅಂತರವಿರುವುದಕ್ಕೆ ಯಾವ ಜೀವಿ, ಯಾವ ಪರಿಣಾಮ, ಎಷ್ಟು ಎಚ್ಚರ ಎಂಬ ಆಯ್ಕೆಗಳು ಬೇರೆಯಾಗಿರುವುದೇ ಕಾರಣ. ಮಿಥಿಲೀನ್ ಬ್ಲೂ ವಿಧಾನ ನಂಬಿಕೆಯಿಂದ ಹೇಳಬಲ್ಲ ಕನಿಷ್ಠ ಪ್ರಮಾಣ ಸುಮಾರು 25 ಮೈಕ್ರೋಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಹಳೆಯ ಪರೀಕ್ಷೆಯ ಮಿತಿ ತಿಳಿಯುತ್ತದೆ. ಐಎಸ್ 10500ರಲ್ಲಿ ನೊನೈಲ್‌ಫೀನಾಲ್‌ಗೆ ಪ್ರತ್ಯೇಕ ಸಾಲಿಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2019ರಲ್ಲಿ ದೇಶದ ಮಾರ್ಜಕಗಳಲ್ಲೂ ನದಿಗಳಲ್ಲೂ ಅದು ಇರುವುದನ್ನು ವರದಿ ಮಾಡಿದೆ.

ಈ ವಿದೇಶಿ ಮಿತಿಗಳ ಹಿಂದೆ ಒಂದು ಊಹೆಯಿದೆ: ಕೊಳಚೆ ಹೊಳೆಗೆ ಬಿದ್ದಾಗ ಅದನ್ನು ತೆಳುಗೊಳಿಸಲು ಹೊಳೆಯಲ್ಲಿ ಬೇರೆ ನೀರಿರುತ್ತದೆ. ಏಪ್ರಿಲ್‌ನಲ್ಲಿ ಗದಗದ ಸುತ್ತಲಿನ ಹಳ್ಳಗಳಲ್ಲಿ ಹರಿಯುವುದೇ ಕೊಳಚೆ. ಹುಬ್ಬಳ್ಳಿ-ಧಾರವಾಡದ ಕೊಳಚೆ ನಾಲೆಗಳ ಪಕ್ಕದ ಬೇಸಾಯದ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಂತೆ, ಒಣ ಸೀಮೆಯಲ್ಲಿ ಅಂಥ ನೀರು ರೈತನಿಗೆ ವರ್ಷಪೂರ್ತಿ ಸಿಗುವ ಏಕೈಕ ನೀರಾವರಿಯೂ ಹೌದು. ಆದ್ದರಿಂದ ಇಲ್ಲಿ ವಾರ್ಷಿಕ ಸರಾಸರಿಗೆ ಅರ್ಥ ಕಡಿಮೆ. ಮಳೆಗಾಲದ ನೀರು ಬೇಸಿಗೆಯ ಅಂಕಿಯನ್ನು ಕಾಗದದ ಮೇಲೆ ತೆಳುಗೊಳಿಸುತ್ತದೆ, ಹಳ್ಳದಲ್ಲಲ್ಲ.

ಗದಗ ಸೀಮೆಯಲ್ಲಿ ಇಂಥ ಸಮೀಕ್ಷೆ ಕೈಗೊಳ್ಳುವವರು ನೀರಿಗಿಂತ ಮೊದಲು ಹೂಳನ್ನು ತೆಗೆಯುವುದು ಲೇಸು: ಗದಗದ ಭೀಷ್ಮ ಕೆರೆ, ಮುಂಡರಗಿ ತಾಲೂಕಿನ ಡಂಬಳದ ಕೆರೆ, ಮಾಗಡಿ ಕೆರೆ, ಹಮ್ಮಿಗಿಯ ಹಿನ್ನೀರು. ನೀರು ಆ ಒಂದು ದಿನದ ಸುದ್ದಿ ಹೇಳುತ್ತದೆ, ಹೂಳು ಹಲವು ವರ್ಷಗಳದ್ದು. ಅದನ್ನು ತಣ್ಣಗಿಟ್ಟು ಸಾಗಿಸುವುದೂ ಸುಲಭ. ಮಾದರಿ ತೆಗೆಯಲು ತಕ್ಕ ಕಾಲ ಮೇ ತಿಂಗಳ ಕೊನೆ, ಮುಂಗಾರು ಹೂಳನ್ನು ಕದಡುವ ಮುಂಚೆ.